ಸಾಕಮ್ಮನ ಎರಡು ಸಾಲು

ಕುಲಬಾಂಧವರ ಸಂಘದ ವಂಶಾವಳಿಯನ್ನು ಡೇಟಾಬೇಸಿಗೆ ಇಳಿಸಲು ಹೊರಟ ವಿನುತಾ ಮೂರು ದಿನದಿಂದ ಒಂದೇ ಕಡೆ ಸಿಕ್ಕಿಬಿದ್ದಿದ್ದಳು. ಒಬ್ಬರಿಗೆ ಒಂದೇ ಸಾಲು, ಒಂದೇ ತಲೆಮಾರು ಎಂಬುದು ಅವಳ ನಿಯಮ. ಸಾಕಮ್ಮ ಎಂಬವಳು ಮಾತ್ರ ಒಂದು ಸಾಲಿನಲ್ಲಿ ಒಬ್ಬ ಅಜ್ಜನ ಮೊಮ್ಮಗಳು, ಇನ್ನೊಂದರಲ್ಲಿ ಅದೇ ಅಜ್ಜನ ಸೊಸೆ.

ಸಂಘದ ಕಡೆಯಿಂದ ಹೆಸರು ತುಂಬುತ್ತಿದ್ದ ಮರಿಸ್ವಾಮಿಯನ್ನು ಕರೆದಳು.

“ನೋಡ್ಕೊಂಡು ತುಂಬಬಾರ್ದೇನ್ರೀ? ಮೊಮ್ಮಗಳೇ ಸೊಸೆ ಹೇಗಾಗ್ತಾಳೆ?”

“ಸೋದರಮಾವನ್ನೇ ಮದ್ವೆ ಆದ್ರೆ ಇನ್ನೇನಾಗ್ತಾಳೆ ಮೇಡಂ?”

ವಿನುತಾ ತಲೆ ಹಿಡಿದುಕೊಂಡಳು.

“ತಪ್ಪು ಅಂದ್ಕೊಂಡು ಮೊಮ್ಮಗಳ ಸಾಲು ಅಳಿಸ್ಬಿಟ್ಟೆ. ತಾಯಿ ಸಾಲು ಅಳಿಸಿದ್ರೆ ಕೆಳಗಿರೋ ಮಕ್ಕಳೂ ತಾವಾಗೇ ಹೋಗ್ತಾರೆ.”

“ಎಷ್ಟು ಜನ ಹೋದ್ರು?”

“ಒಬ್ಬನೇ ಮಗ. ಹೆಸರು ನೋಡ್ಲಿಲ್ಲ.”

“ಮರಿಸ್ವಾಮಿ ಅಂತ ಬರ್ಕೊಳ್ಳಿ ಮೇಡಂ,” ಎಂದ ಅವನು.