ಪ್ರೆಸ್ ಪಕ್ಕದ ಮೇಜು

ಷಿಫ್ಟ್ ಶುರುವಾಗುವ ಮೊದಲೇ ರಾಘವೇಂದ್ರ ಮಂಥನ್‌ನ ಮೇಜನ್ನು ಎಳೆಯತೊಡಗಿದ. ಕಿಟಕಿಯಿಂದ ಎಳೆದು ತಂದು, ತಗಡು ಒತ್ತುವ ಪ್ರೆಸ್ ಮಷಿನ್ ಪಕ್ಕದಲ್ಲಿ, ಹಳೆಯ ಟ್ಯೂಬ್‌ಲೈಟಿನ ನೇರ ಕೆಳಗೆ ನಿಲ್ಲಿಸಿದ. ಕತ್ತೆತ್ತಿ ಮೇಲೆ ನೋಡಲಿಲ್ಲ. ಜೇಬಿನೊಳಗೆ ಕೀಲಿಗೊಂಚಲನ್ನು ಹಿಂಡಿಕೊಂಡು ಬೇಗ ಈಚೆ ಬಂದ.

ವಿದ್ಯುತ್ ರಿಲೇ ತಯಾರಿಸುವ ಮಕರಪುರದ ಈ ಕಾರ್ಖಾನೆಗೆ ಅವನು ಸೂಪರ್‌ವೈಸರ್. ವಡೋದರಾ ಸ್ಟೇಷನ್ ಎದುರು ಅಪ್ಪನ ಉಡುಪಿ ಹೋಟೆಲು ಭರ್ಜರಿಯಾಗಿ ನಡೆಯುತ್ತಿತ್ತು. ಆದರೂ ಇವನು ಗಲ್ಲಾದಲ್ಲಿ ಕೂರಲೊಪ್ಪಿರಲಿಲ್ಲ; ಲೋಟ ತಟ್ಟೆಗಳ ಗದ್ದಲ ತನಗಾಗದು ಅಂದುಬಿಟ್ಟಿದ್ದ. ಈಗ ಅವನ ಕಣ್ಣು ಮಾಳಿಗೆಯ ಮೇಲಿತ್ತು. ಭೂಕಂಪದಲ್ಲಿ ಬಿರುಕುಬಿಟ್ಟ ಗೋಡೆಯನ್ನು ಕೆಡವಿ, ಮಾಲಕಿ ನೀಲಾಬೆನ್ ಅಲ್ಲಿ ಹೊಸ ಇನ್‌ಸ್ಪೆಕ್ಷನ್ ರೂಮು ಕಟ್ಟಿಸಿದ್ದರು. ದಪ್ಪ ಗಾಜು. ಬಾಗಿಲು ಹಾಕಿದರೆ ಒಂದು ಸದ್ದಿಲ್ಲ. ಅಲ್ಲಿಗೆ ಯಾರು ಅಂತ ಇವತ್ತು ಹೇಳುತ್ತೇನೆ ಅಂದಿದ್ದರು. ರಾಘವೇಂದ್ರನಿಗೆ ಅದು ಬೇಕೇ ಬೇಕಿತ್ತು. ಎಲ್ಲರ ಬಾಯಲ್ಲಿದ್ದದ್ದು ಮಾತ್ರ ತಂತಿ ಸುತ್ತಿದ ಕಾಯಿಲ್‌ಗಳನ್ನು ಪರೀಕ್ಷಿಸುವ ಹುಡುಗ ಮಂಥನ್‌ನ ಹೆಸರು.

ಯಾರ ಕಣ್ಣನ್ನೂ ನೋಡದೆ ಮಾತಾಡುವ ಮಂಥನ್! ಚಹಾ ಹೊತ್ತಿಗೆ ಎಲ್ಲರೂ ಸುತ್ತ ನಿಂತು ಸಾಸರಿನಿಂದ ಸುರ್ ಅಂತ ಹೀರಿದರೆ ಕಿವಿ ಮುಚ್ಚಿಕೊಂಡು ಓಡುವ ಮಂಥನ್. ಖುಷಿಯಾದರೆ ಎರಡೂ ಕೈಗಳನ್ನು ರೆಕ್ಕೆಯ ಹಾಗೆ ಬಡಿಯುತ್ತಿದ್ದ.

“ಉತ್ತರಾಯಣದ ಹಬ್ಬ ಮುಗೀತಲ್ಲೋ ಭಾಯ್, ಇನ್ನೂ ಗಾಳಿಪಟ ಹಾರಿಸ್ತಿದೀಯಾ?” ಅಂತ ಪ್ರೆಸ್ ನಡೆಸುವ ಚಂದ್ರಕಾಂತ ಕಿಚಾಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ರಾಘವೇಂದ್ರನೂ ನಗುತ್ತಿದ್ದ, ಒಂದು ಕ್ಷಣ ತಡವಾಗಿ. ಆ ಕೈಗಳು ಬಡಿದಾಗಲೆಲ್ಲ ಅವನ ಬೆನ್ನು ಬೆವರುತ್ತಿತ್ತು.

ಮಂಥನ್ ಬಂದ. ಖಾಲಿ ಕಿಟಕಿಯ ಮುಂದೆ ನಿಂತ.

“ರಾಘು ಅಂಕಲ್, ನನ್ನ ಟೇಬಲ್? ಖಿಡಕಿ ಹತ್ರ ಇತ್ತು.”

“ಇನ್ಮೇಲೆ ಅಲ್ಲಿ. ಎಲ್ಲರ ಹಾಗೆ ಇರ್ಲಿಕ್ಕೆ ಕಲಿ ಮಾರಾಯ. ನಾನು ಕಲಿತಿಲ್ವಾ?”

“ನೀವು ಹೇಳಿದ್ರೆ ಓಕೆ,” ಅಂದ ಮಂಥನ್. ಇಡೀ ಕಾರ್ಖಾನೆಯಲ್ಲಿ ಅವನು ನಂಬಿದ್ದು ರಾಘು ಅಂಕಲ್‌ನನ್ನು ಮಾತ್ರ.

ನೀಲಾಬೆನ್ ಒಳಗೆ ಬರುವುದನ್ನು ನೋಡಿ ರಾಘವೇಂದ್ರ ಚಂದ್ರಕಾಂತನಿಗೆ ಸನ್ನೆ ಮಾಡಿದ. ಪ್ರೆಸ್ ಧಡ್ ಧಡ್ ಅಂತ ಬಡಿಯತೊಡಗಿತು. ಮಂಥನ್ ಒಮ್ಮೆ ಟ್ಯೂಬ್‌ಲೈಟನ್ನು ನೋಡಿದ, ಒಮ್ಮೆ ರಾಘವೇಂದ್ರನನ್ನು. ಆಮೇಲೆ ಕಾಯಿಲ್ ತುಂಬಿದ ಟ್ರೇ ನೆಲಕ್ಕೆ ಬಿತ್ತು. ಅವನು ಮೇಜಿನ ಕೆಳಗೆ ಮುದುಡಿ, ಅದರ ಕಾಲಿಗೆ ತಲೆ ಚಚ್ಚಿಕೊಳ್ಳತೊಡಗಿದ. ಹಣೆ ಒಡೆಯಿತು. ಯಾರೋ ಕಿಸಕ್ಕನೆ ನಕ್ಕರು.

ಅವನ ಅಮ್ಮ ಪ್ರೇಮಾ ಬಂದು ಕರೆದುಕೊಂಡು ಹೋದರು. “ಇನ್ನು ಕಳಿಸೋದಿಲ್ಲ,” ಅಂದರು, ಅಷ್ಟೇ.

ನೀಲಾಬೆನ್ ಒಂದಷ್ಟು ಹೊತ್ತು ಕೆಳಗೇ ಎಲ್ಲರ ಹತ್ತಿರ ಮಾತಾಡಿ, ರಾಘವೇಂದ್ರನನ್ನು ಮಾಳಿಗೆಗೆ ಕರೆದರು. ಗಾಜಿನ ಬಾಗಿಲು ಮುಚ್ಚಿತು. ಸದ್ದು ನಿಂತಿತು. ಅವನ ಹೆಗಲು ತಾನಾಗಿ ಇಳಿಯಿತು.

“ಅವನನ್ನ ಆ ಲೈಟ್ ಕೆಳಗೆ ಯಾಕೆ ಕೂರಿಸಿದೆ?”

“ಬೆಳಕು ಚೆನ್ನಾಗಿರುತ್ತೆ ಅಂತ, ಬೆನ್.”

“ಅದರ ಬೆಳಕು ಅದುರುತ್ತಂತಲ್ಲ. ಮಂಥನ್ ಅಳ್ತಾ ಹೇಳಿದ.”

“ಅದುರುತ್ತೆ, ನಿಜ. ಅದು ಎಲ್ಲರಿಗೂ ಗೊತ್ತಿರೋದೇ.”

“ಎಲ್ಲರನ್ನೂ ಕೇಳಿಯೇ ಬಂದೆ. ಅಲ್ಲೇ ನಿಂತು ನಾನೂ ನೋಡಿದೆ. ಮಂಥನ್‌ನ ಬಿಟ್ಟು ಒಬ್ಬರಿಗೂ ಅದು ಕಾಣಲ್ಲ, ರಾಘವೇಂದ್ರ.”

ಜೇಬಿನೊಳಗೆ ಅವನ ಕೈ ಬಡಿದುಕೊಂಡು ಕೀಲಿಗಳು ಝಣಝಣ ಅಂದವು. ಅವನು ತಡೆಯಲು ನೋಡಿದ. ಆಗಲಿಲ್ಲ.

“ಆ ಕೈ ಹೊರಗೆ ತೆಗಿ, ಪರವಾಗಿಲ್ಲ. ನನ್ನ ತಮ್ಮನೂ ನಿಮ್ಮಿಬ್ಬರ ಹಾಗೇ. ನಿನ್ನನ್ನ ನಾನು ಮೊದಲ ದಿನವೇ ಗುರುತು ಹಿಡಿದಿದ್ದೆ.”

ಅವರು ಮೂಲೆಯ ಪರದೆ ಸರಿಸಿದರು. ಗೋಡೆಗೆ ಮುಖ ಮಾಡಿ ಎರಡು ಮೇಜುಗಳಿದ್ದವು. ಒಂದರ ಮೇಲೆ ಮಂಥನ್‌ನ ಹೆಸರಿನ ಚೀಟಿ. ಇನ್ನೊಂದರ ಮೇಲೆ ರಾಘವೇಂದ್ರನದೇ.

ನೀಲಾಬೆನ್ ಎರಡೂ ಚೀಟಿಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು. “ಪ್ರೆಸ್ ಪಕ್ಕದ ಮೇಜು ಖಾಲಿ ಇದೆಯಲ್ಲ, ನಾಳೆಯಿಂದ ನೀನೇ ಅಲ್ಲಿ ಕೂತ್ಕೋ.”