ಕೊಕ್ಕರೆಯ ಬ್ರೇಕು

"ನಾಕನೇ ಸಲ ಸಾಬ್ರೆ, ನಾಕನೇ ಸಲ!"

ಮೆಕ್ಯಾನಿಕ್ ಸುಬಾನಸಾಬ ಜಗಳೂರಿನಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ಕಂಟ್ರಾಕ್ಟರ್ ಶಿವಮೂರ್ತಪ್ಪ ಶುರು ಮಾಡಿದ. "ಚನ್ನಗಿರಿ ಆತು, ಹೊನ್ನಾಳಿ ಆತು, ನ್ಯಾಮತಿ ಆತು. ಈಗ ಇಲ್ಲೂ ಬ್ರೇಕು ಹಿಡಕಂಡು ಕುಂತೈತೆ. ರಿಪೇರಿ ಅಂದ್ರೆ ಹಿಂಗೇನ್ರಿ?"

ಸುಬಾನಸಾಬ ಹೊನ್ನಾಳಿಯಿಂದ ಬಸ್ಸು ಬದಲಿಸಿ ಬಂದಿದ್ದ. ಸ್ಪ್ಯಾನರುಗಳ ಚೀಲ ಭುಜ ಎಳೆಯುತ್ತಿತ್ತು. ಅರವತ್ತರ ಹತ್ತಿರದ ಮಂಡಿ ಮಾತು ಕೇಳುತ್ತಿರಲಿಲ್ಲ.

ಊರ ಹೊರಗೆ, ಸೊಕ್ಕೆ ರಸ್ತೆಯ ಬದಿಯಲ್ಲಿ ಅದು ನಿಂತಿತ್ತು. ನಾಲ್ಕು ಗಾಲಿಯ ಗಾಡಿ, ಮೇಲೆ ಮಡಚಿಟ್ಟ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಬುಟ್ಟಿ. ಎಣ್ಣೆಯ ಒತ್ತಡಕ್ಕೆ ತೋಳು ಮೇಲೇಳುತ್ತಿತ್ತು. ಯಾವುದೋ ಅಣೆಕಟ್ಟೆಯ ಕೆಲಸ ಮುಗಿದ ಮೇಲೆ ಹರಾಜಿನಲ್ಲಿ ಶಿವಮೂರ್ತಪ್ಪ ಹಿಡಿದದ್ದು. ಬೀದಿದೀಪ ಹಾಕಲು ಅದನ್ನು ಊರಿಂದೂರಿಗೆ ಒಯ್ಯುತ್ತಿದ್ದ. ೧೯೮೪ರಲ್ಲಿ ಆ ಸೀಮೆಯ ಜನ ಅಂಥದ್ದನ್ನು ಕಂಡಿರಲಿಲ್ಲ. ಕೊಕ್ಕರೆ ಎಂದು ಕರೆದರು.

"ಇದು ಕೆಟ್ಟಿದ್ದಲ್ಲ, ಕೆಡಿಸಿದ್ದು" ಎಂದ ಶಿವಮೂರ್ತಪ್ಪ, ದನಿ ತಗ್ಗಿಸಿ. "ಡ್ರೈವರ್ ಹಾಲಸ್ವಾಮಿ ಮೇಲೆ ನಂಗೆ ಅನುಮಾನ. ತಂಗಿ ಮದುವೆಗೆ ಎಂಟು ದಿನ ರಜಾ ಕೇಳಿದ, ಕೊಡ್ಲಿಲ್ಲ. ಅವತ್ತಿಂದ ಮುಖ ಊದಿಸ್ಕಂಡು ತಿರುಗ್ತಾನೆ. ಅವನೇ ಅಂತ ನೀವೊಂದು ಮಾತು ಹೇಳ್ರಿ, ಇವತ್ತೇ ಮನೆಗೆ ಕಳಿಸ್ತೀನಿ."

ಹಾಲಸ್ವಾಮಿ ದೂರದಲ್ಲಿ ಕೈಕಟ್ಟಿ ನಿಂತಿದ್ದ. ತನ್ನ ಬಗ್ಗೆಯೇ ಮಾತು ಎಂದು ಅವನಿಗೆ ಗೊತ್ತಿತ್ತು.

ಬುಟ್ಟಿಯಲ್ಲಿ ಮೇಲೆ ಹೋಗುವವನು ಲೈನ್‌ಮನ್ ಚಿಕ್ಕಹನುಮಂತಪ್ಪ. ಇಪ್ಪತ್ತೆರಡು ವರ್ಷ ಕಂಬ ಹತ್ತಿದ ಆಳು. ಅವನೊಬ್ಬ ಬೆಳಿಗ್ಗೆಯಿಂದಲೇ ಸೊಂಟಕ್ಕೆ ಬೆಲ್ಟು ಬಿಗಿದು ಕಾಯುತ್ತಿದ್ದ.

"ಇವತ್ತು ಆಗ್ತೈತೇನ್ರಿ ಸಾಬ್ರೆ? ಒಂಬತ್ತು ಕಂಬ ಬಾಕಿ ಅದಾವೆ. ಆಗಾಕಿಲ್ಲ ಅಂದ್ರೆ ಈಗ್ಲೇ ಹೇಳಿಬಿಡ್ರಿ."

"ನೋಡೋಣ ತಡಿ" ಎಂದ ಸುಬಾನಸಾಬ. ಗಾಲಿಗಳಿಗೆ ಕಲ್ಲು ಕೊಟ್ಟು, ಗೋಣಿ ಹಾಸಿ, ನರಳುತ್ತ ಅಡಿಗೆ ಸರಿದ.

ಈ ಬ್ರೇಕು ಲಾರಿಯದರಂತಲ್ಲ. ಸ್ಪ್ರಿಂಗು ಸದಾ ಗಾಲಿಯನ್ನು ಹಿಡಿದೇ ಇರುತ್ತದೆ. ಎಣ್ಣೆ ಒತ್ತಿದರೆ ಮಾತ್ರ ಬಿಡುತ್ತದೆ. ಎಂದರೆ ಎಲ್ಲೋ ಎಣ್ಣೆ ಒತ್ತುತ್ತಿಲ್ಲ. ಟ್ಯಾಂಕು ನೋಡಿದ, ತುಂಬಿತ್ತು. ಪೈಪುಗಳನ್ನು ಬೆರಳಿನಿಂದ ಸವರಿದ, ಎಲ್ಲೂ ಜಿನುಗಿರಲಿಲ್ಲ. ವೈರು ಬಿಚ್ಚಿ ಬಲ್ಬು ಹಿಡಿದ, ಉರಿಯಿತು. ಬಿಸಿಲು ನೆತ್ತಿಗೆ ಬಂತು. ಬೆನ್ನು ಮರಗಟ್ಟಿತು. ಇನ್ನು ಈ ಕಸುಬು ಸಾಕು ಅನ್ನಿಸಿತು. ಹಾಗೆ ಅನ್ನಿಸತೊಡಗಿ ಎಷ್ಟೋ ವರ್ಷವಾಗಿತ್ತು.

ಕೊನೆಗೆ ಮೂಲೆಯ ಸಣ್ಣ ವಾಲ್ವಿನ ಮೇಲೆ ಸ್ಪ್ಯಾನರು ಇಟ್ಟ. ಕೆಟ್ಟ ಗಾಡಿಯನ್ನು, ಬ್ರೇಕಿನ ಸ್ಪ್ರಿಂಗಿಗೆ ಬೋಲ್ಟು ಹಾಕಿ ಸಡಿಲಿಸಿ, ಎಳೆದೊಯ್ಯುವಾಗ ಮಾತ್ರ ತಿರುವುವ ವಾಲ್ವು. ಒಂದೂವರೆ ಸುತ್ತು ತೆರೆದಿತ್ತು. ಒತ್ತಬೇಕಾದ ಎಣ್ಣೆಯೆಲ್ಲ ಅಲ್ಲಿಂದ ಟ್ಯಾಂಕಿಗೆ ವಾಪಸ್ಸು ಹೋಗುತ್ತಿತ್ತು.

ಹಿಂದಿನ ಮೂರು ಸಲ ಗಾಡಿಯನ್ನು ಹೊನ್ನಾಳಿಯ ತನ್ನ ಶೆಡ್ಡಿಗೇ ಎಳೆದು ತಂದಿದ್ದರು. ಆಗ ಇದು ತೆರೆದಿದ್ದುದರಲ್ಲಿ ವಿಶೇಷವಿರಲಿಲ್ಲ. ಆದರೆ ಇವತ್ತು ಗಾಡಿಯನ್ನು ಯಾರೂ ಎಳೆದಿಲ್ಲ. ತಾನಾಗಿ ತಿರುಗುವ ವಾಲ್ವೂ ಅಲ್ಲ.

ಸುಬಾನಸಾಬ ಅದನ್ನು ಬಿಗಿ ಮಾಡಿ, ಹೊರಗೆ ಬಂದು ಕಲ್ಲು ತೆಗೆದ. ಹಾಲಸ್ವಾಮಿಗೆ ಕೈ ಸನ್ನೆ ಮಾಡಿದ. ಇಂಜಿನ್ನು ಗುಡುಗಿತು. ಕೊಕ್ಕರೆ ಒಮ್ಮೆ ನಡುಗಿ, ಮೆಲ್ಲಗೆ ಮುಂದೆ ಸರಿಯಿತು.

"ಬಿಡ್ತು ನೋಡ್ರಿ!" ಹಾಲಸ್ವಾಮಿ ಸೀಟಿನಲ್ಲೇ ಕುಣಿದ. ಶಿವಮೂರ್ತಪ್ಪ ಬೆಳಗಿನಿಂದ ಮೊದಲ ಸಲ ನಕ್ಕ. ಚಿಕ್ಕಹನುಮಂತಪ್ಪ ಬೆಲ್ಟು ಸರಿಮಾಡಿಕೊಳ್ಳಲೆಂದು ಮೈಲಿಗಲ್ಲಿನ ಮೇಲೆ ಕುಳಿತ. ಸುಬಾನಸಾಬ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತಿದ್ದ. ಕೈ ಶುದ್ಧವಾದ ಮೇಲೂ ಒರೆಸುತ್ತಲೇ ಇದ್ದ.

"ಏನಾಗಿತ್ತು? ಯಾರ ಕೈವಾಡ ಹೇಳ್ರಿ" ಎಂದ ಶಿವಮೂರ್ತಪ್ಪ.

"ಯಾರದ್ದೂ ಅಲ್ಲ. ಹಳೇ ಗಾಡಿ, ಅಲುಗಾಟಕ್ಕೆ ಒಂದು ವಾಲ್ವ್ ಸಡಿಲ ಆಗ್ತೈತೆ. ಅದನ್ನ ಕಾಯಾಕೆ ತಿಳಿದೋನೊಬ್ಬ ಸದಾ ಕೆಳಗೇ ಇರಬೇಕು."

"ತಿಳಿದೋನ್ನ ಎಲ್ಲಿಂದ ತರ್ಲಿ?"

"ಹನುಮಂತಪ್ಪ ಅದಾನಲ್ಲ. ಗಾಡಿ ನಡೆಸಾಕೂ ಕಲೀತಾನೆ."

"ಅವನು ಕೆಳಗಿದ್ರೆ ಮೇಲೆ ಯಾರು ಹೋಗೋರು? ನೀವಾ?"

"ನಾನು ಹೋಗ್ತೀನಿ" ಎಂದ ಹಾಲಸ್ವಾಮಿ ಸೀಟಿನಿಂದ ಹಾರಿ. "ವೈರಿಂಗ್ ಕಲ್ತೇ ಇಲ್ಲಿಗೆ ಬಂದೋನು ನಾನು. ನೀವು ಡ್ರೈವರ್ ಮಾಡಿದ್ರಿ."

ಶಿವಮೂರ್ತಪ್ಪ ಇಬ್ಬರನ್ನೂ ನೋಡಿದ. "ಮತ್ತೆ ಹಿಡಕಂಡ್ರೆ ನಿಮ್ಮ ಹೆಸರು ಕೆಡ್ತೈತೆ ಸಾಬ್ರೆ."

"ಕೆಡ್ಲಿ ಬಿಡ್ರಿ."

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಚಿಕ್ಕಹನುಮಂತಪ್ಪ ಚೀಲ ಹೊತ್ತು ಬಂದ. ದಾವಣಗೆರೆ ಬಸ್ಸು ಬಂದಾಗಲೂ ಚೀಲ ಕೊಡದೆ ಹಿಡಿದೇ ನಿಂತ.

"ಚನ್ನಗಿರಿಯಾಗೆ ಗಾಳಿಗೆ ಬುಟ್ಟಿ ಉಯ್ಯಾಲೆ ಆಡ್ತು ಸಾಬ್ರೆ, ಅವತ್ತಿಂದ ಮೇಲೆ ಹೋಗೋದು ಅಂದ್ರೆ ಕೈಕಾಲು ನಡುಗ್ತಾವೆ. ಇಪ್ಪತ್ತೆರಡು ವರ್ಷ ಕಂಬ ಹತ್ತಿದೋನು, ಯಾರ ಮುಂದೆ ಹೇಳ್ಕಳ್ಲಿ? ಹಾಲಸ್ವಾಮಿ ಹೆಸರು ಬಂದಾಗ್ಲೂ ಬಾಯಿ ಏಳಲಿಲ್ಲ." ಅವನು ಚೀಲ ಮುಂದೆ ಚಾಚಿದ. "ವಾಲ್ವ್ ತಿರುವಿದೋನು ನಾನೇ ಅಂತ ನಿಮಗೆ ಹೆಂಗೆ ಗೊತ್ತಾತು?"

ಸುಬಾನಸಾಬ ಚೀಲ ತೆಗೆದುಕೊಂಡು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ.

"ಗಾಡಿ ಹೊರಟಾಗ ಎಲ್ರೂ ನಕ್ರು. ನೀನೊಬ್ಬ ಕುಂತುಬಿಟ್ಟೆ."