ಕಚ್ಚಿ ಕುಡಿದ ಲೋಟ

ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿ ತುಸು ಹೆಚ್ಚೇ ನಗುತ್ತಿದ್ದಳು. ಸುಭದ್ರಮ್ಮನವರಿಗೆ ಅಷ್ಟೇ ಸಾಕಾಯಿತು. ಅವಳ ಸೋದರತ್ತೆ ಖಿನ್ನತೆಗೆ ಮಾತ್ರೆ ನುಂಗುವ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ಮಗನೂ ಹುಡುಗಿಯೂ ಕಾಫಿ ಕುಡಿದಿಟ್ಟ ಎರಡು ಲೋಟಗಳಲ್ಲಿ, ಅಂಚಿಗೆ ತುಟಿಯ ಗುರುತಿದ್ದುದನ್ನು ಅವರು ಮೆಲ್ಲಗೆ ಬ್ಯಾಗಿಗೆ ಸೇರಿಸಿದರು. ಮಗನದಂತೂ ಅಲ್ಲ, ಎಂಜಲು ಮಾಡದೆ ಎತ್ತಿ ಕುಡಿಯುವುದನ್ನು ಅವನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು.

ಮೂರು ವಾರಕ್ಕೆ ಲ್ಯಾಬಿನ ವರದಿ ಬಂತು.

“ನಾನು ಹೇಳ್ಲಿಲ್ವೇನೋ? ಸೆರೊಟೋನಿನ್ ಜೀನು ಎರಡೂ ಗಿಡ್ಡವಂತೆ. ಇಂಥವರಿಗೆ ಎಲ್ಲದಕ್ಕೂ ಭಯ, ಎಲ್ಲರ ಮೇಲೂ ಅನುಮಾನ.”

“ಯಾರದಮ್ಮ ಇದು?”

“ಆ ಹುಡುಗೀದು. ಅವಳು ಕಚ್ಚಿ ಕುಡಿದ ಲೋಟಾನೇ ಪರೀಕ್ಷೆಗೆ ಕೊಟ್ಟಿದ್ದೆ. ಒಂದು ಜೀನು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬರುತ್ತಂತೆ. ಅಂಥಾ ತಾಯಿ ಹೊಟ್ಟೇಲಿ ಹುಟ್ಟಿದೋರ ಸಹವಾಸವೇ ಬೇಡಪ್ಪ.”

ಮಗ ವರದಿಯನ್ನು ಮಡಿಸಿ ಅಮ್ಮನ ಕೈಯಲ್ಲೇ ಇಟ್ಟ.

“ಅವಳು ಎತ್ತಿಯೇ ಕುಡಿದ್ಳಮ್ಮ. ಹಾಸ್ಟೆಲ್ ಸೇರಿದ ಮೇಲೆ ಆ ಅಭ್ಯಾಸ ತಪ್ಪಿದ್ದು ನನಗೆ. ಕಚ್ಚಿ ಕುಡಿದೋನು ನಾನು.”